ಸಿಸಿಲಿಯಾ ಬರೆಯದೆ ಬಿಟ್ಟ ಸಾಲು

ಸಿಸಿಲಿಯಾ ದೋಹಾಕ್ಕೆ ಬಂದದ್ದು 1986ರಲ್ಲಿ, ಮದುವೆಯಾಗಿ ಏಳನೇ ತಿಂಗಳಿಗೆ. ಕಿನ್ನಿಗೋಳಿಯ ಹುಡುಗಿ, ಮಂಗಳೂರಿನಲ್ಲಿ ಬಿ.ಕಾಂ. ಮುಗಿಸಿದವಳು. ಗಂಡ ಲ್ಯಾನ್ಸ್‌ಲಾಟ್ ಅದಕ್ಕೂ ಮೊದಲೇ ಇಲ್ಲಿ ಎಸಿಯ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿದ್ದ. ಮಗಳು ಎಡ್ನಾಳಿಗೆ ಎರಡು ತುಂಬಿದ ಮೇಲೆ ಸಿಸಿಲಿಯಾಳೂ ಒಂದು ವಿದೇಶಿ ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಸೇರಿದಳು. ಎಣ್ಣೆಬಾವಿ ಕೊರೆಯುವ ಪೈಪುಗಳನ್ನು ರಿಪೇರಿ ಮಾಡಿಕೊಡುವ ಕಂಪನಿ ಅದು. ಸಾಲ್ವಾ ರಸ್ತೆಯ ಹತ್ತಿರ ಒಂದು ಹಳೆಯ ವಿಲ್ಲಾದಲ್ಲಿ ಅದರ ಆಫೀಸು. ಅಲ್ ಅಜೀಜಿಯಾದ ಅವಳ ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ.

ಗಲ್ಫಿನಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ವಿದೇಶಿ ಕಂಪನಿಗಳ ಲಾಭಕ್ಕೆ ತೆರಿಗೆ ಉಂಟು ಎಂಬುದು ಗೊತ್ತಿರುವವರು ಕಡಿಮೆ. ಲಾಭ ಏರಿದ ಹಾಗೆ ದರವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು. ಕೊನೆಯ ಮೆಟ್ಟಿಲಿನಲ್ಲಿ ನೂರಕ್ಕೆ ಮೂವತ್ತೈದು. ಈ ತೆರಿಗೆಯ ಕಾಗದಗಳೆಲ್ಲ ವರ್ಷ ಹೋದಂತೆ ಸಿಸಿಲಿಯಾಳ ಮೇಜಿಗೆ ಬಂದು ಸೇರಿದವು. ಬೇರೆಯವರಿಗೆ ಅದು ಬೇಸರದ ಕೆಲಸ, ಅವಳಿಗೆ ಇಷ್ಟದ್ದು. ಒಂದು ದೇಶ ಯಾರನ್ನು ಕರೆಯುತ್ತದೆ, ಯಾರನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ ಎಂಬುದು ಆ ಕಾಗದಗಳಲ್ಲಿ ಕಾಣುತ್ತದೆ ಎಂದು ಅವಳು ಲ್ಯಾನ್ಸ್‌ಲಾಟನಿಗೆ ಹೇಳುತ್ತಿದ್ದಳು. ಅವನು ಟಿವಿ ನೋಡುತ್ತ ಹೂಂ ಅನ್ನುತ್ತಿದ್ದ.

ಅವಳ ಮಾತು ಸುಳ್ಳಲ್ಲ. 1993ರವರೆಗೆ ಆ ಕಂಪನಿಗೆ ಕತಾರಿನಲ್ಲಿ ಕಬ್ಬಿಣ ಕಡೆಯುವ ಒಂದು ಲೇತ್ ಕೂಡ ಇರಲಿಲ್ಲ. ಸವೆದ ಪೈಪುಗಳು ಹಡಗಿನಲ್ಲಿ ದುಬೈ ಕಡೆಗೆ, ಜಬಲ್ ಅಲಿಗೆ ಹೋಗಿ ರಿಪೇರಿಯಾಗಿ ಬರುತ್ತಿದ್ದವು. ಅಲ್ಲಿ ತೆರಿಗೆಯ ಕಾಟವಿರಲಿಲ್ಲ. ಇಲ್ಲಿಯೇ ಕಾರ್ಖಾನೆ ಹಾಕಿದರೆ ಐದು ವರ್ಷ ತೆರಿಗೆಯಿಂದ ವಿನಾಯಿತಿ ಕೇಳಬಹುದು ಎಂದು ಆಗ ಮ್ಯಾನೇಜರನಿಗೆ ತೋರಿಸಿಕೊಟ್ಟವಳು ಸಿಸಿಲಿಯಾ. ಅರ್ಜಿ ಟೈಪ್ ಮಾಡಿದವಳೂ ಅವಳೇ. ವಿನಾಯಿತಿ ಸಿಕ್ಕಿತು. ಮರುವರ್ಷ ಇಂಡಸ್ಟ್ರಿಯಲ್ ಏರಿಯಾದಲ್ಲಿ ತಗಡಿನ ದೊಡ್ಡ ಶೆಡ್ ಎದ್ದು ನಿಂತಿತು. ಅರವತ್ತನಾಲ್ಕು ಮಂದಿಗೆ ಕೆಲಸವಾಯಿತು. ಉದ್ಘಾಟನೆಯ ದಿನ ಅವಳನ್ನೂ ಕರೆದಿದ್ದರು. ಹೊಸ ಎಣ್ಣೆಯ ವಾಸನೆಯಲ್ಲಿ, ಸಾಲಾಗಿ ನಿಂತ ಲೇತ್‌ಗಳ ನಡುವೆ ನಡೆಯುವಾಗ, ಇದು ನನ್ನ ಬೆರಳಿನಿಂದ ಹುಟ್ಟಿದ್ದು ಎಂದು ಅವಳಿಗೆ ಅನ್ನಿಸಿತ್ತು. ಯಾರಿಗೂ ಹೇಳಲಿಲ್ಲ, ಆದರೆ ಅನ್ನಿಸಿತ್ತು.

ಆ ಅರವತ್ತನಾಲ್ಕು ಮಂದಿಯಲ್ಲಿ ಇಬ್ರಾಹಿಂ ಬ್ಯಾರಿ ಒಬ್ಬರು. ಉಪ್ಪಿನಂಗಡಿಯವರು. ಲೇತ್ ವಿಭಾಗದ ಫೋರ್‌ಮನ್. ಪೈಪಿನ ತುದಿಯ ತಿರುಪಿನ ಗೆರೆಗಳನ್ನು ಬೆರಳಿನಲ್ಲಿ ಸವರಿ, ಎಲ್ಲಿ ಕೂದಲೆಳೆಯಷ್ಟು ತಪ್ಪಿದೆ ಎಂದು ಹೇಳುವ ಮನುಷ್ಯ. ತಿಂಗಳಿಗೊಮ್ಮೆ ಹಾಜರಿ ಪಟ್ಟಿ ಕೊಡಲು ಆಫೀಸಿಗೆ ಬರುವಾಗ ಸಿಸಿಲಿಯಾಳ ಮೇಜಿನ ಪಕ್ಕದ ಕುರ್ಚಿಯಲ್ಲಿ ಐದು ನಿಮಿಷ ಕೂರುತ್ತಿದ್ದರು. ತುಳುವಿನಲ್ಲಿ ಶುರುವಾದ ಮಾತು ಕನ್ನಡಕ್ಕೆ ಹೊರಳುತ್ತಿತ್ತು. ಇಂಗ್ಲಿಷಿನಲ್ಲಿ ಬಂದ ಯಾವ ಕಾಗದವನ್ನೂ ಅವಳಿಗೆ ತೋರಿಸದೆ ಅವರು ಸಹಿ ಹಾಕುತ್ತಿರಲಿಲ್ಲ.

"ಬಾಯಮ್ಮ, ಇದರಲ್ಲಿ ಎಂತ ಬರೆದಿದ್ದಾರೆ ನೋಡಿ. ನೀವು ಸರಿ ಉಂಟು ಅಂದ್ರೆ ಸರಿ" ಎನ್ನುವುದು ಅವರ ಮಾತು. ಊರ ಕಡೆ ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ಅವಳನ್ನು ಬಾಯಮ್ಮ ಎಂದೇ ಕರೆಯುತ್ತಿದ್ದರು.

1998 ಕೆಟ್ಟ ವರ್ಷ. ಎಣ್ಣೆಯ ಬೆಲೆ ಇಳಿಯುತ್ತ ಹೋಯಿತು. ಬ್ಯಾರಲ್ಲಿಗೆ ಇಪ್ಪತ್ತರ ಆಸುಪಾಸಿನಲ್ಲಿದ್ದದ್ದು ಹದಿನೈದಾಯಿತು, ಹದಿಮೂರಾಯಿತು. ಬಾವಿ ಕೊರೆಯುವವರು ಕೊರೆಯುವುದನ್ನು ಮುಂದೂಡಿದರು. ಪೈಪು ಸವೆಯದಿದ್ದರೆ ರಿಪೇರಿಗೆ ಬರುವುದಾದರೂ ಎಲ್ಲಿಂದ? ಅದೇ ವರ್ಷದ ಕೊನೆಗೆ ವರ್ಕ್‌ಶಾಪಿನ ತೆರಿಗೆ ವಿನಾಯಿತಿಯೂ ಮುಗಿಯುವುದಿತ್ತು. ಇನ್ನಷ್ಟು ಕಾಲ ಮುಂದುವರಿಸಿ ಎಂದು ಜೂನ್‌ನಲ್ಲಿಯೇ ಅರ್ಜಿ ಹೋಗಿತ್ತು. ಸರ್ಕಾರಿ ಕಚೇರಿಗಳಿಗೆ ಓಡಾಡುವ ಕೆಲಸ ಶಾಫಿಯದು. ಅಂಥವರನ್ನು ಇಲ್ಲಿ ಮಂದೂಬ್ ಎನ್ನುತ್ತಾರೆ. ಮಂಜೇಶ್ವರದವನು, ಅರಬ್ಬಿಯನ್ನು ನೀರು ಕುಡಿದ ಹಾಗೆ ಮಾತಾಡುತ್ತಿದ್ದ.

ಆಗಸ್ಟ್ ತಿಂಗಳ ಒಂದು ಮಂಗಳವಾರ ಮ್ಯಾನೇಜರ್ ಸಿಸಿಲಿಯಾಳನ್ನು ಕರೆದ. ಸ್ಕಾಟ್ಲೆಂಡಿನವನು, ಸಭ್ಯ, ಯಾವಾಗಲೂ ಅವಸರದವನು. ಹೆಡ್ ಆಫೀಸಿನಿಂದ ಕೇಳಿದ್ದಾರೆ ಎಂದ. ಮುಂದಿನ ಮೂರು ವರ್ಷ ವರ್ಕ್‌ಶಾಪನ್ನು ದೋಹಾದಲ್ಲಿ ಇಟ್ಟುಕೊಂಡರೆ ಎಷ್ಟು ಉಳಿಯುತ್ತದೆ, ಜಬಲ್ ಅಲಿಗೆ ಸಾಗಿಸಿದರೆ ಎಷ್ಟು ಉಳಿಯುತ್ತದೆ, ಒಂದೇ ಪುಟದಲ್ಲಿ ಬೇಕು. ಗುರುವಾರ ನಾನು ಹೊರಡುತ್ತೇನೆ, ಅಷ್ಟರಲ್ಲಿ ಕೊಡು ಎಂದ.

ಅವಳು ಎರಡು ದಿನ ಕುಳಿತಳು. ಲೆಕ್ಕ ಕಷ್ಟದ್ದಲ್ಲ. ಕಷ್ಟದ್ದು ಒಂದೇ ಸಂಗತಿ: ದೋಹಾದ ಲೆಕ್ಕದಲ್ಲಿ ತೆರಿಗೆ ಹಿಡಿಯಬೇಕೋ ಬಿಡಬೇಕೋ? ಪೂರ್ತಿ ತೆರಿಗೆ ಹಿಡಿದರೆ ಜಬಲ್ ಅಲಿಯೇ ಮೇಲು. ವಿನಾಯಿತಿ ಸಿಕ್ಕುತ್ತದೆ ಎಂದುಕೊಂಡರೆ ದೋಹಾ ಕೂದಲೆಳೆಯಷ್ಟು ಮುಂದೆ. ಅವಳು ಶಾಫಿಯನ್ನು ಕರೆದು ಕೇಳಿದಳು.

"ಫೈಲು ಮೇಲೆ ಹೋಗಿದೆ ಅಕ್ಕ. ಮೊನ್ನೆ ಹೋದಾಗ ಅಲ್ಲಿಯ ಗುಮಾಸ್ತ ನನ್ನ ಮುಖ ನೋಡಿ ನಕ್ಕ. ಎಲ್ಲ ಸರಿ ಉಂಟು, ಒಂದು ಸಹಿ ಬಾಕಿ, ಮುಂದಿನ ತಿಂಗಳು ಬಾ ಅಂದ. ಆಗ್ತದೆ, ಇನ್‌ಶಾ ಅಲ್ಲಾ."

"ಆಗ್ತದೆ ಅಂತ ಬರೆದು ಕೊಡ್ತಾನಾ?"

"ಬರೆದು ಕೊಡುವುದು ಹೇಗೆ? ಸಹಿ ಆಗದೆ ಮಾಫಿ, ಎಂತದೂ ಇಲ್ಲ" ಎಂದು ಶಾಫಿ ಕೈ ತಿರುಗಿಸಿದ.

ಒಂದು ಸಾಲು ಸಾಕಿತ್ತು. ಪುಟದ ಕೆಳಗೆ, 'ವಿನಾಯಿತಿಯ ಅರ್ಜಿ ಸರ್ಕಾರದ ಮುಂದಿದೆ, ಸಿಗುವ ಸಂಭವ ಹೆಚ್ಚು, ಸಿಕ್ಕಿದರೆ ಲೆಕ್ಕ ಹೀಗೆ' ಎಂಬ ಒಂದು ಸಾಲು. ಅವಳು ಅದನ್ನು ಟೈಪ್ ಮಾಡಿಯೂ ಆಗಿತ್ತು. ಆದರೆ ಹಿಂದಿನ ವರ್ಷ ಹೀಗೆಯೇ, ತೆರಿಗೆ ಕಚೇರಿಯವರು ಒಪ್ಪುತ್ತಾರೆ ಎಂಬ ನಂಬಿಕೆಯಲ್ಲಿ ಒಂದು ಖರ್ಚನ್ನು ಲಾಭದಿಂದ ಕಳೆದು ತೋರಿಸಿದ್ದಳು. ಅದನ್ನು ಒಪ್ಪಲಿಲ್ಲ. ಆಗ ಅವಳ ಕೈಗೆ ಒಂದು ಮೆಮೋ ಬಂದಿತ್ತು: ಖಚಿತವಿಲ್ಲದ್ದನ್ನು ಬರೆಯಬಾರದು. ಈಗ ಅಕೌಂಟ್ಸಿನ ಐದು ಜನರಲ್ಲಿ ಇಬ್ಬರನ್ನು ಕಳಿಸುತ್ತಾರೆ ಎಂಬ ಗುಸುಗುಸು ಬೇರೆ. ಲ್ಯಾನ್ಸ್‌ಲಾಟನ ಅಂಗಡಿಯಲ್ಲಿಯೂ ವ್ಯಾಪಾರ ಬಿದ್ದಿತ್ತು. ಎಡ್ನಾ ಆರನೇ ತರಗತಿ.

ಬುಧವಾರ ಮಧ್ಯಾಹ್ನ ಸಿಸಿಲಿಯಾ ಆ ಸಾಲನ್ನು ಅಳಿಸಿದಳು. ಪೂರ್ತಿ ತೆರಿಗೆ ಹಿಡಿದು, ಎರಡು ಅಂಕಣಗಳ ಪುಟವನ್ನು ಮ್ಯಾನೇಜರನ ಮೇಜಿನ ಮೇಲೆ ಇಟ್ಟಳು. ಅವನು ಒಮ್ಮೆ ಕಣ್ಣಾಡಿಸಿ ಬ್ಯಾಗಿಗೆ ಹಾಕಿಕೊಂಡ. ಅವನಿಗೂ ಅರ್ಜಿಯ ವಿಷಯ ಗೊತ್ತಿತ್ತು, ಅವನೇ ಬಾಯಿ ಬಿಟ್ಟು ಹೇಳುತ್ತಾನೆ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅವನು ಹೇಳಿದನೋ ಇಲ್ಲವೋ, ಅವಳಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ತೀರ್ಮಾನ ಬಂತು. ವರ್ಷದ ಕೊನೆಗೆ ದೋಹಾದ ವರ್ಕ್‌ಶಾಪ್ ಬಂದ್. ಯಂತ್ರಗಳು ಜಬಲ್ ಅಲಿಗೆ. ಆಫೀಸಿನಲ್ಲಿ ಮೂರೇ ಜನರಿಗೆ ವಿಷಯ ಗೊತ್ತಿತ್ತು, ಅವರಲ್ಲಿ ಆ ಕಾಗದಗಳನ್ನು ಟೈಪ್ ಮಾಡಿದ ಸಿಸಿಲಿಯಾ ಒಬ್ಬಳು. ಡಿಸೆಂಬರ್ ಒಂದರಂದು ನೋಟಿಸು ಅಂಟಿಸುವವರೆಗೆ ಯಾರ ಕಿವಿಗೂ ಬೀಳಬಾರದು, ಬಿದ್ದರೆ ಕೆಲಸ ನಿಂತುಹೋಗುತ್ತದೆ ಎಂದು ಮ್ಯಾನೇಜರ್ ಹೇಳಿದ. ಅವಳು ತಲೆಯಾಡಿಸಿದಳು.

ಅದಾಗಿ ಹದಿನೆಂಟು ದಿನಕ್ಕೆ ಶಾಫಿ ಓಡೋಡಿ ಬಂದ. ಕೈಯಲ್ಲಿ ಅರಬ್ಬಿಯ ಪತ್ರ, ಕೆಳಗೆ ನೀಲಿ ಮೊಹರು.

"ಅಕ್ಕ, ಹೇಳಲಿಲ್ವಾ ನಾನು? ಇನ್ನೂ ಮೂರು ವರ್ಷ! ಪಾರ್ಟಿ ಕೊಡಿಸಿ!"

ಸಿಸಿಲಿಯಾ ಮೊಹರಿನ ತಾರೀಕು ನೋಡಿದಳು. ಪತ್ರವನ್ನು ಹಿಡಿದುಕೊಂಡು ಮ್ಯಾನೇಜರನ ಕೋಣೆಗೆ ಹೋದಳು. ಅವನು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. ಜಬಲ್ ಅಲಿಯಲ್ಲಿ ಜಾಗಕ್ಕೆ ಸಹಿಯಾಗಿದೆ ಎಂದ. ಒಂದು ತಿಂಗಳು ಮೊದಲು ಬಂದಿದ್ದರೆ ಮಾತು ಬೇರೆ ಇತ್ತೋ ಏನೋ ಎಂದ. ಅವರು ಹೇಗೂ ಮುಚ್ಚುತ್ತಿದ್ದರೋ ಏನೋ ಎಂದೂ ಸೇರಿಸಿದ. ಯಾರಿಗೆ ಗೊತ್ತು, ಫೈಲಿಗೆ ಹಾಕು ಎಂದ.

ಅವಳು ಫೈಲಿಗೆ ಹಾಕಿದಳು. 'ಇತ್ತೋ ಏನೋ', 'ಮುಚ್ಚುತ್ತಿದ್ದರೋ ಏನೋ' — ಆ ಎರಡು ಏನೋಗಳ ನಡುವೆ ಅವಳು ಸಿಕ್ಕಿಕೊಂಡಳು. ತಪ್ಪು ನನ್ನದೇ ಎಂದು ಖಚಿತವಾಗಿದ್ದರೆ ಅತ್ತು ಹಗುರಾಗಬಹುದಿತ್ತು. ನನ್ನದಲ್ಲ ಎಂದು ಖಚಿತವಾಗಿದ್ದರೆ ಮರೆಯಬಹುದಿತ್ತು. ಎರಡೂ ಇರಲಿಲ್ಲ. ಆಫೀಸಿನ ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿ ನಿಂತಳು. ಎಷ್ಟು ಹೊತ್ತಾದರೂ ಮುಖ ತೊಳೆಯಲಿಲ್ಲ.

ಮುಂದಿನ ವಾರವೇ ಇಬ್ರಾಹಿಂ ಬ್ಯಾರಿ ಬಂದರು. ಹಾಜರಿ ಪಟ್ಟಿಯ ದಿನವಲ್ಲ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಎಣ್ಣೆ. ಕುರ್ಚಿಯ ತುದಿಯಲ್ಲಿ ಕುಳಿತರು.

"ಬಾಯಮ್ಮ, ಒಂದು ಸಂಬಳದ ಪತ್ರ ಬೇಕಿತ್ತು. ಫ್ಯಾಮಿಲಿ ವೀಸಾಕ್ಕೆ."

"ಯಾರಿಗೆ?"

"ನನಗೇ! ಈ ಸಲದ ಇಂಕ್ರಿಮೆಂಟಿನಲ್ಲಿ ಸಂಬಳ ವೀಸಾದವರು ಹೇಳಿದಷ್ಟು ಆಯ್ತಲ್ಲ. ಬೀಬಿಯನ್ನು, ಅಫ್ರಾಳನ್ನು ಕರೆಸುವ ಅಂತ. ಹದಿಮೂರು ವರ್ಷ ಆಯ್ತು ನಾನು ಗಲ್ಫಿಗೆ ಬಂದು. ಮಗಳು ನನ್ನನ್ನು ನೋಡಿದ್ದು ಎಲ್ಲ ಸೇರಿಸಿದರೆ ಎಂಟು ತಿಂಗಳು."

ಸಿಸಿಲಿಯಾ ಟೈಪ್‌ರೈಟರಿಗೆ ಕಾಗದ ಏರಿಸಿದಳು. ಕಂಪ್ಯೂಟರ್ ಎದುರಿಗೇ ಇತ್ತು, ಆದರೂ ಯಾಕೋ ಮೂಲೆಯ ಹಳೆಯ ಯಂತ್ರದ ಕಡೆಗೆ ತಿರುಗಿದಳು. ಬೆನ್ನು ತಿರುಗಿಸಲು ಅದೊಂದು ನೆಪ.

"ಬೀಬಿಗೆ ಅಲ್ಲಿ ಕೆಲಸ ಉಂಟಲ್ಲ" ಎಂದಳು.

"ಅಂಗನವಾಡಿ ಟೀಚರು. ಹನ್ನೊಂದು ವರ್ಷ ಆಯ್ತು. ರಾಜೀನಾಮೆ ಕೊಡಬೇಕಾಗ್ತದೆ. ಅದಕ್ಕೇ ಅವಳು ಹಿಂದೆ ಮುಂದೆ ನೋಡ್ತಾಳೆ. ಈಗ ಎಣ್ಣೆಗೆ ರೇಟಿಲ್ಲ ಅಂತ ಪೇಪರಿನಲ್ಲಿ ಬರ್ತದಲ್ಲ, ನಿಮ್ಮ ಕಂಪನಿ ಗಟ್ಟಿ ಉಂಟಾ ಕೇಳಿ, ಆಫೀಸಿನ ಬಾಯಮ್ಮನ ಹತ್ತಿರ ಕೇಳಿ ಅಂತ ಫೋನಿನಲ್ಲಿ ಹೇಳಿದಳು." ಅವರು ಮುಂದೆ ಬಾಗಿದರು. "ನೀವು ಹೇಳಿ. ಕರೆಸಬಹುದಾ?"

ಅವಳ ಬೆನ್ನ ಹಿಂದೆ ಮ್ಯಾನೇಜರನ ಕೋಣೆಯ ಬಾಗಿಲು ತೆರೆದಿತ್ತು. 'ಸ್ವಲ್ಪ ತಡೆಯಿರಿ' ಎಂದರೆ ಸಾಕಿತ್ತು. 'ಜನವರಿ ಕಳೆಯಲಿ' ಎಂದರೂ ಸಾಕಿತ್ತು. ಬುದ್ಧಿವಂತ ಮನುಷ್ಯ, ಅರ್ಥ ಮಾಡಿಕೊಳ್ಳುತ್ತಿದ್ದರು. ಆದರೆ ಅರ್ಥ ಮಾಡಿಕೊಂಡವರು ಶೆಡ್ಡಿಗೆ ಹೋಗಿ ಸುಮ್ಮನಿರುತ್ತಾರೆಯೇ? ಮಾತು ಎಲ್ಲಿಂದ ಹೊರಟಿತು ಎಂದು ಹುಡುಕುವುದು ಮೂರೇ ಜನರಲ್ಲಿ.

"ಕರೆಸಿ ಬ್ಯಾರಿಗಳೇ" ಎಂದಳು ಸಿಸಿಲಿಯಾ. "ಮಗಳು ದೊಡ್ಡವಳಾಗ್ತಾ ಇದ್ದಾಳಲ್ಲ."

ಅವರ ಮುಖ ಅರಳಿತು. ಪತ್ರಕ್ಕೆ ಸಹಿ ಹಾಕಿಸಿ ಕೊಟ್ಟಳು. ಅದರಲ್ಲಿ ಬರೆದದ್ದೆಲ್ಲ ನಿಜ: ಇವರು ನಮ್ಮ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾರೆ, ಸಂಬಳ ಇಷ್ಟು. ಎಲ್ಲಿಯವರೆಗೆ ಎಂದು ಯಾವ ಸಂಬಳ ಪತ್ರದಲ್ಲಿಯೂ ಬರೆಯುವ ಕ್ರಮವಿಲ್ಲ.

ಅಕ್ಟೋಬರ್ ಕೊನೆಗೆ ಬೀಬಿ ಮತ್ತು ಅಫ್ರಾ ಬಂದಿಳಿದರು. ದೋಹಾ ಅಲ್ ಜದೀದಾದಲ್ಲಿ ಒಂದು ಹಳೆಯ ಮನೆಯನ್ನು ಪಾಲು ಮಾಡಿದ ಎರಡು ಕೋಣೆ, ಕೆಳಗೆ ಟೈಲರ್ ಅಂಗಡಿ. ನವೆಂಬರಿನ ಒಂದು ಶುಕ್ರವಾರ ಸಿಸಿಲಿಯಾಳ ಮನೆಯವರನ್ನೆಲ್ಲ ಊಟಕ್ಕೆ ಕರೆದರು. ತಲೆನೋವು ಎಂದು ತಪ್ಪಿಸಿಕೊಳ್ಳಲು ನೋಡಿದಳು.

"ಎಂಥ ತಲೆನೋವು? ಒಂದು ತಿಂಗಳಿಂದ ಹೀಗೇ ಇದ್ದಿ. ನಡಿ, ಬ್ಯಾರಿಗಳ ಮನೆಯ ಕೋಳಿ ಸಾರು ತಿಂದ್ರೆ ಎಲ್ಲ ಹೋಗ್ತದೆ" ಎಂದು ಲ್ಯಾನ್ಸ್‌ಲಾಟ್ ಎಬ್ಬಿಸಿಕೊಂಡು ಹೋದ. ಅವನಿಗೂ ಅವಳು ಹೇಳಿರಲಿಲ್ಲ.

ಬೀಬಿ ಎತ್ತರದ ಹೆಂಗಸು, ಮಾತು ಸ್ಪಷ್ಟ. ಹನ್ನೊಂದು ವರ್ಷ ಮಕ್ಕಳಿಗೆ ಹಾಡು ಹೇಳಿಕೊಟ್ಟ ಗಂಟಲು. ಎಡ್ನಾ ಮತ್ತು ಅಫ್ರಾ ಒಂದೇ ವಯಸ್ಸಿನವರು. ಎಡ್ನಾಳ ತುಂಡು ತುಂಡು ಕನ್ನಡ ಕೇಳಿ ಅಫ್ರಾ ನಕ್ಕಳು, ಅಫ್ರಾಳ ಇಂಗ್ಲಿಷ್ ಕೇಳಿ ಎಡ್ನಾ ನಕ್ಕಳು, ಹತ್ತು ನಿಮಿಷದಲ್ಲಿ ಇಬ್ಬರೂ ತಾರಸಿಗೆ ಹತ್ತಿದರು. ನೆಲಕ್ಕೆ ಹಾಸಿದ ಚಾಪೆಯ ಮೇಲೆ ಅಕ್ಕಿರೊಟ್ಟಿಯಂಥ ಪತ್ತಿರ್, ಕೋಳಿ ಸಾರು, ಹುರಿದ ಮೀನು. ಇಬ್ರಾಹಿಂ ಬ್ಯಾರಿ ತಾವೇ ಬಡಿಸಿದರು. ಬಡಿಸುತ್ತ ಬಡಿಸುತ್ತ ಹೆಂಡತಿಯನ್ನು, ಬಾಗಿಲನ್ನು, ಮೆಟ್ಟಿಲಿನಿಂದ ಬರುವ ಮಗಳ ನಗುವನ್ನು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದರು.

"ನಿಮ್ಮದೊಂದು ಮಾತಿಗೇ ನಾನು ಬಂದದ್ದು ಬಾಯಮ್ಮ" ಎಂದರು ಬೀಬಿ, ಅವಳ ತಟ್ಟೆಗೆ ಇನ್ನೊಂದು ಪತ್ತಿರ್ ಹಾಕುತ್ತ. "ಇವರ ಮಾತನ್ನು ನಾನು ನಂಬುವುದಿಲ್ಲ. ಇವರಿಗೆ ಎಲ್ಲ ಚಂದವೇ ಕಾಣುವುದು. ಬಾಯಮ್ಮ ಕರೆಸಿ ಅಂದ್ರು ಅಂತ ಹೇಳಿದಾಗ ಮರುದಿನವೇ ಹೋಗಿ ರಾಜೀನಾಮೆ ಕೊಟ್ಟೆ."

ಸಿಸಿಲಿಯಾ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. ನೀರು ಕುಡಿದಳು. ಈಗ ಹೇಳಬೇಕು, ಈ ಚಾಪೆಯ ಮೇಲೆಯೇ ಹೇಳಬೇಕು ಎಂದುಕೊಂಡಳು. ಅಷ್ಟರಲ್ಲಿ ಇಬ್ರಾಹಿಂ ಬ್ಯಾರಿ, "ಮೀನು ಖಾರವಾಯ್ತಾ ನಿಮಗೆ?" ಎಂದು ಗಾಬರಿಯಿಂದ ಕೇಳಿದರು. ಹೌದು, ಸ್ವಲ್ಪ ಖಾರ ಎಂದಳು. ಕಣ್ಣೀರಿಗೂ ಅದೇ ಕಾರಣವಾಯಿತು.

ಆಗ ದೋಹಾದಲ್ಲಿ ಇಗರ್ಜಿ ಇರಲಿಲ್ಲ. ಬಲಿಪೂಜೆ ನಡೆಯುತ್ತಿದ್ದದ್ದು ಸದ್ದುಗದ್ದಲವಿಲ್ಲದೆ, ಒಂದು ಮನೆಯಲ್ಲಿ. ಮರುವಾರ ಪೂಜೆಗೆ ಮೊದಲು ಅವಳು ಪಾದ್ರಿಗಳ ಮುಂದೆ ಕುಳಿತು ಪಾಪನಿವೇದನೆ ಮಾಡಿದಳು. ಸುಳ್ಳು ಬರೆದೆಯಾ ಎಂದು ಅವರು ಕೇಳಿದರು. ಇಲ್ಲ ಫಾದರ್, ಬರೆದದ್ದೆಲ್ಲ ನಿಜ ಎಂದಳು. ಯಾರಿಗಾದರೂ ಕೆಡುಕಾಗಲಿ ಎಂದು ಮಾಡಿದೆಯಾ? ಇಲ್ಲ. ಹಾಗಾದರೆ ಕೇಳು ಎಂದರು ಅವರು. "ಹೆದರಿಕೆಯಿಂದ ಬಾಯಿ ಮುಚ್ಚಿಕೊಂಡದ್ದು ಪಾಪವೇ ಮಗಳೇ. ದೇವರು ಕ್ಷಮಿಸುತ್ತಾನೆ. ಆದರೆ ನೀನು ಹೋಗಿ ಹೇಳಬೇಕಾದದ್ದು ದೇವರಿಗಲ್ಲ."

ಅಂದಿನಿಂದ ನೋಟಿಸಿಗೆ ಹತ್ತು ದಿನ ಉಳಿದಿತ್ತು. ಪ್ರತಿ ದಿನ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದು ಏಳುತ್ತಿದ್ದಳು. ಹತ್ತು ದಿನವೂ ಕಳೆದವು.

ಡಿಸೆಂಬರ್ ಒಂದರಂದು ಮ್ಯಾನೇಜರನ ಜೊತೆ ಅವಳೂ ಶೆಡ್ಡಿಗೆ ಹೋಗಬೇಕಾಯಿತು. ಒಬ್ಬೊಬ್ಬರ ಹೆಸರಿನ ಲಕೋಟೆಗಳನ್ನು ಹಂಚುವ ಕೆಲಸ ಅವಳದು. ಲೇತ್‌ಗಳನ್ನು ನಿಲ್ಲಿಸಿದರು. ಆ ಶೆಡ್ಡು ಅಷ್ಟು ಮೌನವಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಮ್ಯಾನೇಜರ್ ಓದಿದ, ಒಬ್ಬ ಮಲಯಾಳಿ ಸೂಪರ್‌ವೈಸರ್ ಹಿಂದಿಯಲ್ಲಿ ಹೇಳಿದ. ಎಣ್ಣೆಯ ಬೆಲೆ, ತೆರಿಗೆಯ ಹೊರೆ, ಖೇದ, ವಂದನೆ. ಹನ್ನೆರಡು ಜನರನ್ನು ಜಬಲ್ ಅಲಿಗೆ ಕರೆದುಕೊಳ್ಳುತ್ತಾರೆ, ಎಲ್ಲರೂ ಮೂವತ್ತೈದರೊಳಗಿನವರು. ಇಬ್ರಾಹಿಂ ಬ್ಯಾರಿಗಳಿಗೆ ನಲವತ್ತಾರು.

"ಖಲಾಸ್" ಎಂದು ಹಿಂದಿನಿಂದ ಯಾರೋ ಅಂದರು.

ಇಬ್ರಾಹಿಂ ಬ್ಯಾರಿ ಲಕೋಟೆ ತೆಗೆದುಕೊಳ್ಳಲು ಸಾಲಿನಲ್ಲಿ ಕೊನೆಯವರಾಗಿ ಬಂದರು. ಒಡೆಯಲಿಲ್ಲ.

"ಬಾಯಮ್ಮ, ಇದು ನಿಮಗೂ ಇವತ್ತೇ ಗೊತ್ತಾದದ್ದಾ?"

ಹೌದು ಎನ್ನಬಹುದಿತ್ತು. ಅವರು ನಂಬುತ್ತಿದ್ದರು, ಅಥವಾ ನಂಬಿದಂತೆ ಮಾಡಿ ಅವಳ ಮಾನ ಕಾಯುತ್ತಿದ್ದರು. ಸಿಸಿಲಿಯಾ ಲೇತಿನ ಕಬ್ಬಿಣವನ್ನು ಹಿಡಿದುಕೊಂಡಳು.

"ಇಲ್ಲ. ಸೆಪ್ಟೆಂಬರಿನಲ್ಲಿ ಗೊತ್ತಿತ್ತು. ನೀವು ಪತ್ರಕ್ಕೆ ಬಂದಾಗ ಗೊತ್ತಿತ್ತು." ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಒಂದೇ ಉಸಿರಿಗೆ ಉಳಿದದ್ದನ್ನೂ ಹೇಳಿದಳು: ಆಗಸ್ಟಿನ ಪುಟ, ಅಳಿಸಿದ ಸಾಲು, ತಡವಾಗಿ ಬಂದ ನೀಲಿ ಮೊಹರಿನ ಪತ್ರ. "ಆ ಸಾಲು ಇದ್ದಿದ್ದರೆ ಉಳೀತಿತ್ತು ಅಂತ ಹೇಳ್ಲಿಕ್ಕೆ ಆಗುವುದಿಲ್ಲ. ಇಲ್ಲ ಅಂತ ಹೇಳ್ಲಿಕ್ಕೂ ಆಗುವುದಿಲ್ಲ. ಆದ್ರೆ ಬೀಬಿಯನ್ನು ಕರೆಸಿ ಅಂದದ್ದು ಮಾತ್ರ... ಅದು ನಾನೇ."

ಇಬ್ರಾಹಿಂ ಬ್ಯಾರಿ ಲಕೋಟೆಯನ್ನು ಜೇಬಿಗೆ ಹಾಕಿಕೊಂಡರು. ಲೇತಿನ ತಟ್ಟೆಯಲ್ಲಿ ಬಿದ್ದಿದ್ದ ಕಬ್ಬಿಣದ ಸುರುಳಿಗಳನ್ನು ಬ್ರಷ್ಷಿನಿಂದ ಒಂದು ಕಡೆಗೆ ಗುಡಿಸಿದರು, ದಿನದ ಕೊನೆಯಲ್ಲಿ ಮಾಡುವ ಹಾಗೆ.

"ತೆರಿಗೆ, ಎಣ್ಣೆ, ಅದೆಲ್ಲ ದೊಡ್ಡವರ ಲೆಕ್ಕ. ಅದು ನನ್ನ ತಲೆಗೆ ಹೋಗುವುದಿಲ್ಲ, ಅದಕ್ಕೆ ನಿಮ್ಮನ್ನು ಏನೂ ಹೇಳುವುದಿಲ್ಲ" ಎಂದರು ಕೊನೆಗೆ. "ನಾನು ನಿಮ್ಮ ಹತ್ತಿರ ಕೇಳಿದ್ದು ಸಣ್ಣ ಪ್ರಶ್ನೆ ಬಾಯಮ್ಮ."

ಅಷ್ಟು ಹೇಳಿ ಕಂಪನಿಯ ಬಸ್ಸಿನ ಕಡೆಗೆ ನಡೆದರು.

ಆ ಸಂಜೆ ಅವಳು ಲ್ಯಾನ್ಸ್‌ಲಾಟನಿಗೆ ಎಲ್ಲವನ್ನೂ ಹೇಳಿದಳು. ಅವನು ಟಿವಿ ಆರಿಸಿದ. ನಿನ್ನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದ. ಅವಳಿಗೆ ಅದರಿಂದ ಎಳ್ಳಷ್ಟೂ ಸಮಾಧಾನವಾಗಲಿಲ್ಲ. ಎಲ್ಲರೂ ಅದನ್ನೇ ಮಾಡುತ್ತಿದ್ದರು ಎಂಬುದೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಆಮೇಲೆ ಮಾಡಬಹುದಾದದ್ದು ಒಂದೇ ಇತ್ತು. ಇಲ್ಲಿ ಕಂಪನಿ ಬಿಡುಗಡೆಯ ಪತ್ರ ಕೊಡದಿದ್ದರೆ ಬೇರೆ ಕಡೆ ಕೆಲಸಕ್ಕೆ ಸೇರುವಂತಿಲ್ಲ, ಊರಿಗೆ ಹೋಗಬೇಕು. ಐವತ್ತೆರಡು ಜನರಿಗೆ ಆ ಪತ್ರ ಕೊಡುವುದು ತಲೆನೋವಿನ ಕೆಲಸ, ವಿಮಾನ ಹತ್ತಿಸುವುದು ಸುಲಭ ಎಂಬುದು ಮ್ಯಾನೇಜರನ ಲೆಕ್ಕ. ಸಿಸಿಲಿಯಾ ಮೊದಲ ಸಲ ಅವನ ಎದುರು ಗಟ್ಟಿಯಾಗಿ ಮಾತಾಡಿದಳು. ವಿನಾಯಿತಿಯ ಪತ್ರವನ್ನು ಫೈಲಿನಿಂದ ತೆಗೆದು ಅವನ ಮುಂದೆ ಹರಡಿ, ನೋಟಿಸಿನಲ್ಲಿ ತೆರಿಗೆಯ ಹೊರೆ ಎಂದು ಓದಿದಿರಿ, ಇದು ಆಗಲೇ ಕೈಯಲ್ಲಿತ್ತು ಎಂದಳು. ಉತ್ತರದ ಕಡೆ ಗ್ಯಾಸಿನ ಕೆಲಸ ನಡೆಯುತ್ತಿದೆ, ಕೈಕಸುಬಿನವರು ಅಲ್ಲಿ ಬೇಕು, ಈ ಜನರನ್ನು ಬಿಟ್ಟುಕೊಟ್ಟರೆ ನಿಮಗೇನೂ ಹೋಗುವುದಿಲ್ಲ ಎಂದಳು. ಅವನು ಅವಳ ಮುಖವನ್ನು ಹೊಸದಾಗಿ ನೋಡುವವನ ಹಾಗೆ ನೋಡಿದ. ಆಮೇಲೆ ಸರಿ ಎಂದ. ಪತ್ರಗಳನ್ನು ಅವಳೇ ಟೈಪ್ ಮಾಡಿದಳು. ರಂಜಾನ್ ತಿಂಗಳಿಡೀ ಶಾಫಿ ಉಪವಾಸದಲ್ಲಿ ಕಚೇರಿಯಿಂದ ಕಚೇರಿಗೆ ಓಡಾಡಿದ. ಮೂವತ್ತೊಂದು ಜನರಿಗೆ ಕೆಲಸ ಸಿಕ್ಕಿತು. ಇಪ್ಪತ್ತೊಂದು ಜನ ಊರಿಗೆ ಹೋದರು. ಆ ಇಪ್ಪತ್ತೊಂದು ಹೆಸರುಗಳು ಅವಳಿಗೆ ಬಾಯಿಪಾಠ ಬಂದವು, ಕಲಿಯಬೇಕೆಂದು ಕಲಿತದ್ದಲ್ಲ.

ಇಬ್ರಾಹಿಂ ಬ್ಯಾರಿಗಳಿಗೆ ಉಮ್ ಸಯೀದ್ ಕಡೆಯ ಒಂದು ಯಾರ್ಡಿನಲ್ಲಿ ಕೆಲಸವಾಯಿತು. ಆದರೆ ಫೋರ್‌ಮನ್ ಕೆಲಸವಲ್ಲ, ಸಂಬಳವೂ ಕಡಿಮೆ. ಕುಟುಂಬ ಇಟ್ಟುಕೊಳ್ಳಲು ಬೇಕಾದಷ್ಟು ಆಗುತ್ತಿರಲಿಲ್ಲ. ಕ್ಯಾಂಪಿನಲ್ಲಿ ಒಂದು ಕೋಣೆಗೆ ಆರು ಜನ.

ಮಾರ್ಚ್ ತಿಂಗಳಲ್ಲಿ, ಹೊರಡುವುದಕ್ಕೆ ಎರಡು ದಿನ ಮೊದಲು, ಬೀಬಿ ಒಬ್ಬರೇ ಟ್ಯಾಕ್ಸಿ ಮಾಡಿಕೊಂಡು ಅಲ್ ಅಜೀಜಿಯಾದ ಮನೆಗೆ ಬಂದರು. ಅಫ್ರಾಳ ಟಿ.ಸಿ.ಗೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬೇಕಿತ್ತು. ಸಿಸಿಲಿಯಾ ಬರೆದುಕೊಟ್ಟಳು. ಬೀಬಿ ಅದನ್ನು ಮಡಚದೆ ಕೈಯಲ್ಲಿ ಹಿಡಿದುಕೊಂಡೇ ಕುಳಿತರು.

"ಅಂಗನವಾಡಿಗೆ ಬೇರೆ ಟೀಚರ್ ಬಂದಾಯ್ತಂತೆ. ನನ್ನ ಹತ್ತಿರ ಹೆಲ್ಪರ್ ಆಗಿದ್ದವಳೇ. ಒಳ್ಳೆ ಹುಡುಗಿ" ಎಂದರು.

"ಬೀಬಿ, ನಾನು—"

"ಬೇಡ ಬಾಯಮ್ಮ. ಕ್ಷಮಿಸಿ ಅಂತ ಕೇಳಬೇಡಿ. ಕೇಳಿದ್ರೆ ನಾನು ಕೊಡಬೇಕಾಗ್ತದೆ. ಕೊಡ್ಲಿಕ್ಕೆ ಈಗ ನನ್ನ ಹತ್ತಿರ ಇಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಸಿಸಿಲಿಯಾಳಿಗೆ ಕಷ್ಟವಾಯಿತು. "ಒಂದು ಹೇಳ್ತೇನೆ. ನೀವು ನಿಜ ಹೇಳಿದ್ರೆ ನಾನು ಬರ್ತಿರಲಿಲ್ಲ. ಮದುವೆಯಾದ ಮೇಲೆ ನಾವು ಒಟ್ಟಿಗೆ ಐದು ತಿಂಗಳು ಇದ್ದದ್ದು ಇದೇ ಮೊದಲು. ಇದನ್ನು ಎಲ್ಲಿ ಇಟ್ಟುಕೊಳ್ಳುವುದು ಅಂತ ನನಗೇ ಗೊತ್ತಾಗುವುದಿಲ್ಲ."

ಚಹಾ ತಣ್ಣಗಾಯಿತು. ಅರ್ಜಿಯನ್ನು ಪರ್ಸಿಗೆ ಹಾಕಿಕೊಂಡು ಬೀಬಿ ಎದ್ದರು. ಮನೆಗೆ ಬಿಡುತ್ತೇನೆ ಎಂದು ಲ್ಯಾನ್ಸ್‌ಲಾಟ್ ಕಾರಿನ ಕೀ ತೆಗೆದುಕೊಂಡ. ಬೀಬಿ ಬೇಡ ಎನ್ನಲಿಲ್ಲ.

ಆ ವರ್ಷವೇ ಎಣ್ಣೆಯ ಬೆಲೆ ಮತ್ತೆ ಏರತೊಡಗಿತು. ಸೆಪ್ಟೆಂಬರಿನಲ್ಲಿ ಇಪ್ಪತ್ತು ದಾಟಿತು. ದೋಹಾದಲ್ಲಿ ಪುನಃ ವರ್ಕ್‌ಶಾಪ್ ತೆರೆದರೆ ಹೇಗೆ ಎಂದು ಹೆಡ್ ಆಫೀಸಿನಿಂದ ಪ್ರಶ್ನೆ ಬಂತು. ಸಿಸಿಲಿಯಾ ನಾಲ್ಕು ಪುಟ ಬರೆದಳು. ಖಚಿತವಾದದ್ದು, ಖಚಿತವಿಲ್ಲದ್ದು, ಶಾಫಿ ಹೇಳಿದ್ದು, ಗುಮಾಸ್ತ ಹೇಳಿದ್ದು, ಒಂದನ್ನೂ ಬಿಡಲಿಲ್ಲ. ಇಷ್ಟು ಉದ್ದ ಯಾಕೆ ಎಂದು ಮ್ಯಾನೇಜರ್ ಕೇಳಿದ. ಅಷ್ಟರಲ್ಲಿ ಆ ಶೆಡ್ಡನ್ನು ಬೇರೆ ಯಾರೋ ಗೋದಾಮಿಗೆ ಹಿಡಿದಿದ್ದರು, ಜಬಲ್ ಅಲಿಯಲ್ಲಿ ಯಂತ್ರಗಳನ್ನು ಕಾಂಕ್ರೀಟಿಗೆ ಬಿಗಿದಾಗಿತ್ತು. ಪ್ರಶ್ನೆ ಬಂದಷ್ಟೇ ಬೇಗ ತಣ್ಣಗಾಯಿತು.

ನವೆಂಬರಿನ ಒಂದು ಗುರುವಾರ ಮಧ್ಯಾಹ್ನ ಅವಳು ಆಫೀಸಿನಿಂದ ಹೊರಡುವಾಗ ಗೇಟಿನ ಹತ್ತಿರ ಇಬ್ರಾಹಿಂ ಬ್ಯಾರಿ ನಿಂತಿದ್ದರು. ಬಿಸಿಲಿಗೆ ಕಪ್ಪಾಗಿದ್ದರು, ಗಡ್ಡ ಬೆಳ್ಳಗಾಗಿತ್ತು. ಸಲಾಂ ಹೇಳಲಿಲ್ಲ. ಜೇಬಿನಿಂದ ಒಂದು ಕಾಗದ ತೆಗೆದರು. ರಾಸ್ ಲಫ್ಫಾನಿನ ಗ್ಯಾಸ್ ಕೆಲಸದಲ್ಲಿ ಲೇತ್ ಫೋರ್‌ಮನ್ ಹುದ್ದೆಯಂತೆ. ಒಪ್ಪಂದ ಇಂಗ್ಲಿಷಿನಲ್ಲಿದೆ.

"ಕ್ಯಾಂಪಿನಲ್ಲಿ ಓದುವವರು ಇದ್ದಾರೆ" ಎಂದರು. "ಆದ್ರೆ ಅವರಿಗೆ ಪೂರ್ತಿ ಅರ್ಥ ಆಗುವುದಿಲ್ಲ."

ಸಿಸಿಲಿಯಾ ಗೇಟಿನ ನೆರಳಿನಲ್ಲಿ ನಿಂತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದಳು. ಒಳ್ಳೆಯದನ್ನೂ ಹೇಳಿದಳು, ಕೆಟ್ಟದ್ದನ್ನೂ ಹೇಳಿದಳು. ಏಳನೇ ಅಂಶಕ್ಕೆ ಬಂದಾಗ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು. "ಇಲ್ಲಿ ಹೀಗೆ ಬರೆದಿದ್ದಾರೆ. ಈ ಪ್ರಾಜೆಕ್ಟ್ ಮುಗಿದ ದಿನ ನಿಮ್ಮ ಕೆಲಸವೂ ಮುಗೀತದೆ. ಹದಿನೆಂಟು ತಿಂಗಳು. ಅದರ ಮೇಲೆ ಒಂದು ದಿನಕ್ಕೂ ಭರವಸೆ ಇಲ್ಲ. ಮನೆಯವರನ್ನು ಕರೆಸ್ಲಿಕ್ಕೂ ಅವಕಾಶ ಇಲ್ಲ."

"ಹದಿನೆಂಟು ತಿಂಗಳು" ಎಂದು ಅವರು ಬೆರಳಿನಲ್ಲಿ ಎಣಿಸಿದರು. "ಸಹಿ ಹಾಕಬಹುದಾ?"

"ಅದನ್ನು ನಾನು ಹೇಳುವುದಿಲ್ಲ ಬ್ಯಾರಿಗಳೇ. ಇದರಲ್ಲಿ ಇದ್ದದ್ದನ್ನೆಲ್ಲ ಹೇಳಿದ್ದೇನೆ. ಬೀಬಿಯ ಹತ್ತಿರ ಕೇಳಿ."

ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಒಳಗೆ ಬನ್ನಿ, ಚಹಾ ಕುಡಿದು ಹೋಗಿ" ಎಂದಳು ಸಿಸಿಲಿಯಾ.

"ಇಲ್ಲ ಬಾಯಮ್ಮ, ಕ್ಯಾಂಪಿನ ಬಸ್ಸು ಹೋಗ್ತದೆ" ಎಂದರು ಇಬ್ರಾಹಿಂ ಬ್ಯಾರಿ. ರಸ್ತೆ ದಾಟುವ ಮೊದಲು ಒಮ್ಮೆ ತಿರುಗಿ, ಎಡ್ನಾ ಹೇಗಿದ್ದಾಳೆ ಎಂದು ಕೇಳಿದರು. ಚೆನ್ನಾಗಿದ್ದಾಳೆ, ಅಫ್ರಾಳಿಗೆ ಕಾಗದ ಬರೆಯುತ್ತಾಳೆ ಎಂದು ಅವಳು ಹೇಳಿದಳು. ಅದು ಅವರಿಗೆ ಗೊತ್ತಿತ್ತೋ ಇಲ್ಲವೋ, ತಲೆಯಾಡಿಸಿ ನಡೆದರು.